ಮಗನಿಗೆ ಎರಡು ಶಾಲೆ, ಮೂರು ಮಳೆಗಾಲ

ಮಗನಿಗೆ ಈಗ ಒಂಬತ್ತು ವರ್ಷ. ಆಟಿಸಂ ಇದೆ. ಒಂದು ವರ್ಷ ಶಿವಮೊಗ್ಗದ ಮಾಮೂಲಿ ಖಾಸಗಿ ಶಾಲೆಯಲ್ಲಿ, ಆಮೇಲಿನ ಎರಡು ವರ್ಷ ವಿಶೇಷ ಮಕ್ಕಳ ಖಾಸಗಿ ಶಾಲೆಯಲ್ಲಿ ಅವನನ್ನು ಓದಿಸಿದ್ದೇವೆ. ಯಾವುದು ಮೇಲು ಎಂದು ಕೇಳುವ ತಂದೆತಾಯಿಗೆ ನಾನು ಮೊದಲು ಹೇಳುವುದು ಮಳೆಯ ಕತೆ.

ಮಾಮೂಲಿ ಶಾಲೆಯ ತರಗತಿಗೆ ಶೀಟಿನ ಮಾಡು. ಜುಲೈಯಲ್ಲಿ ಮಳೆ ಹಿಡಿಯಿತೆಂದರೆ ಟೀಚರ್ ಮಾತೂ ಕೇಳಿಸದು. ಇವನು ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಅಡಿಗೆ ನುಸುಳುತ್ತಿದ್ದ. ಅದನ್ನು ಹಟವೆಂದು ತಿಳಿದರು. ‘ಬಂದು ಕರೆದುಕೊಂಡು ಹೋಗಿ’ ಎಂದು ಫೋನು ಬರುತ್ತಿತ್ತು. ಒಂದೇ ವಾರದಲ್ಲಿ ಮೂರು ಸಲ ಓಡಿದ್ದೂ ಉಂಟು. ನಲವತ್ತು ಮಕ್ಕಳಿಗೆ ಒಬ್ಬರೇ ಟೀಚರ್, ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಪಕ್ಕದಲ್ಲಿ ಕೂರಲು ಆಯಾ ಬೇಕಿದ್ದರೆ ಸಂಬಳ ನೀವೇ ಕೊಡಿ ಎಂದಾಗ ನೋವಾಯಿತು.

ವಿಶೇಷ ಶಾಲೆಯಲ್ಲಿ ಮೊದಲ ದಿನವೇ ಕೇಳಿದರು: ‘ಯಾವ ಸದ್ದು ಇವನಿಗೆ ಆಗುವುದಿಲ್ಲ?’ ಅದುವರೆಗೆ ಹಾಗೆ ಕೇಳಿದವರೇ ಇರಲಿಲ್ಲ. ಅಲ್ಲಿ ಗೋಡೆಯ ಮೇಲೆ ಇವನದೇ ಒಂದು ಪಟ್ಟಿ ಇದೆ. ಪ್ರಾರ್ಥನೆ, ಲೆಕ್ಕ, ಊಟ, ಆಟ ಒಂದೊಂದಕ್ಕೂ ಚಿತ್ರದ ಕಾರ್ಡು. ಮುಗಿದದ್ದನ್ನು ಅವನೇ ಕಿತ್ತು ಡಬ್ಬಕ್ಕೆ ಹಾಕಬೇಕು. ಮೋಡ ಕಟ್ಟಿದ ದಿನ ಟೀಚರ್ ಕೊಡೆಯ ಚಿತ್ರವನ್ನು ಮೊದಲೇ ಅಂಟಿಸಿ, ಸದ್ದು ತಡೆಯುವ ಹೆಡ್‌ಫೋನನ್ನು ಕೈಗೆ ಕೊಡುತ್ತಾರೆ. ಎರಡನೆಯ ಮಳೆಗಾಲದಲ್ಲಿ ಒಂದು ಫೋನೂ ಬರಲಿಲ್ಲ. ಈ ಟೀಚರ್ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಓದಿದವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಯಾವ ಶಾಲೆಗೆ ಹೋದರೂ ಆ ನೋಂದಣಿಯ ಬಗ್ಗೆ ವಿಚಾರಿಸಿ, ಸಂಕೋಚ ಬೇಡ.

ಕಳೆದುಕೊಂಡದ್ದೂ ಇದೆ. ಮಾಮೂಲಿ ಶಾಲೆಯಲ್ಲಿ ಪಕ್ಕದ ಹುಡುಗಿಯೊಬ್ಬಳು ದಿನವೂ ಇವನ ಬುತ್ತಿಯ ಮುಚ್ಚಳ ತೆಗೆದುಕೊಡುತ್ತಿದ್ದಳು. ಮನೆಯವರನ್ನು ಬಿಟ್ಟರೆ ಇವನು ಹೆಸರು ಹಿಡಿದು ಕರೆದ ಮೊದಲ ಜೀವ ಅವಳು. ಈಗಿನ ತರಗತಿಯಲ್ಲಿ ಎಂಟೇ ಮಕ್ಕಳು, ಹೆಚ್ಚಿನವರಿಗೆ ಮಾತು ಕಡಿಮೆ. ಅಂಥ ಗೆಳೆತನ ಇನ್ನೂ ಕೂಡಿಬಂದಿಲ್ಲ. ಪಾಠವೂ ನಿಧಾನ. ಶುಲ್ಕ ಹೆಚ್ಚುಕಡಿಮೆ ಒಂದೇ, ಆಟೋ ಖರ್ಚು ಮಾತ್ರ ಜಾಸ್ತಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ, 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು ಕೊಟ್ಟಿದೆ. ‘ಇಂಥ ಮಕ್ಕಳ ಜಾಗ ಅಲ್ಲಿ’ ಎಂದು ಯಾರಾದರೂ ಬೆರಳು ತೋರಿಸಿದರೆ ತಲೆಬಾಗಬೇಕಿಲ್ಲ.

ಮೊದಲ ಕೆಲವು ವರ್ಷಗಳಿಗೆ ನನ್ನ ಮತ ವಿಶೇಷ ಶಾಲೆಗೇ. ಶನಿವಾರ ಮಧ್ಯಾಹ್ನ ಮಗನನ್ನು ಆ ಹುಡುಗಿಯ ಮನೆಗೆ ಕರೆದುಕೊಂಡು ಹೋಗುತ್ತೇನೆ. ನೀವು ಸೇರಿಸುವುದು ಮುಂದಿನ ಜೂನ್‌ಗಾದರೂ ಶಾಲೆ ನೋಡಲು ಈ ಮಳೆಗಾಲದಲ್ಲೇ ಹೋಗಿ. ಮಾಡಿನ ಮೇಲೆ ಮಳೆ ಹೊಯ್ಯುವಾಗ, ಮಗುವನ್ನು ಜೊತೆಗಿಟ್ಟುಕೊಂಡು ಅರ್ಧ ಗಂಟೆ ತರಗತಿಯಲ್ಲಿ ಕೂತು ಬನ್ನಿ.