ಆ ಕೇಬಲ್ ಕಾರ್ಡಿಗನ್ ಪ್ಯಾಟರ್ನ್‌ಗೆ ದುಡ್ಡು ಹಾಕಬೇಡಿ, ಅದರ ಲೆಕ್ಕವೇ ಕೂಡಲ್ಲ

ಇನ್‌ಸ್ಟಾಗ್ರಾಂನಲ್ಲಿ ಓಡಾಡ್ತಿರೋ ವಿ-ನೆಕ್ ಕೇಬಲ್ (ಜಡೆ ಥರ ಹೆಣೆಯೋ ಡಿಸೈನ್) ಕಾರ್ಡಿಗನ್ ಹೆಣಿಗೆ ಪ್ಯಾಟರ್ನ್ ಪಿಡಿಎಫ್, 450 ರೂಪಾಯಿ, ಯುಪಿಐ ಮಾಡಿದ ಕೂಡಲೇ ವಾಟ್ಸಾಪ್‌ಗೆ ಕಳಿಸ್ತೀವಿ ಅಂತಾರಲ್ಲ, ಅದನ್ನ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ರೆ ಉಲ್ಲನ್ ತರೋಕೆ ಹೋಗೋ ಮುಂಚೆ ಇದನ್ನ ಪೂರ್ತಿ ಓದಿ. 450 ಹೋದ್ರೆ ಹೋಗ್ಲಿ ಅನ್ನಬಹುದು, ಆದ್ರೆ ಅದರ ಹಿಂದೆ ಉಲ್ಲನ್ ದುಡ್ಡು ಹೋಗುತ್ತೆ, ವಾರಗಟ್ಟಲೆ ಮಾಡಿದ ಕೈಕೆಲಸ ಹೋಗುತ್ತೆ. ಮಾರೋರ ಹೆಸರು ಹಾಕ್ತಿಲ್ಲ. ಕೆಳಗಿರೋ ಅಂಕಿಗಳನ್ನ ನೋಡಿದ್ರೆ ಪ್ಯಾಟರ್ನ್ ಗುರುತು ಸಿಗುತ್ತೆ.

ಮೊದಲು ಸಾಮಾನಿನ ಪಟ್ಟಿ. "8 ನಂಬರ್ ಕಡ್ಡಿ, 4 ಪ್ಲೈ ಉಲ್ಲನ್, 6 ಉಂಡೆ." ಇಷ್ಟೇ. ಮಿಲಿಮೀಟರ್ ಇಲ್ಲ, ಟೆನ್ಶನ್ (10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಅಂದ್ರೆ ಕುಣಿಕೆ, ಎಷ್ಟು ಸಾಲು ಅನ್ನೋ ಅಳತೆ) ಇಲ್ಲ, ಉಂಡೆಗೆ ಎಷ್ಟು ಗ್ರಾಂ, ಎಷ್ಟು ಮೀಟರ್ ಅನ್ನೋದೂ ಇಲ್ಲ. ಎದೆ ಸುತ್ತಳತೆ 92 ಸೆಂ.ಮೀ., ಬೆನ್ನಿನ ಅಗಲ 46 ಸೆಂ.ಮೀ. ಅಂತ ಮಾತ್ರ ದಪ್ಪಕ್ಷರದಲ್ಲಿ ಹಾಕಿದಾರೆ.

8 ನಂಬರ್ ಅಂದ್ರೆ ಯಾವ 8? ನಮ್ಮ ಅಂಗಡಿಗಳಲ್ಲಿ ಇರೋದು ಹಳೇ ಬ್ರಿಟಿಷ್ ನಂಬರ್. ಅದರಲ್ಲಿ 8 ಅಂದ್ರೆ 4 ಮಿ.ಮೀ., 10 ಅಂದ್ರೆ 3.25, 12 ಅಂದ್ರೆ 2.75. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ಇದಕ್ಕೆ ಪೂರ್ತಿ ಉಲ್ಟಾ, ನಂಬರ್ ಏರಿದಷ್ಟೂ ದಪ್ಪ: ಅಲ್ಲಿಯ 8 ಅಂದ್ರೆ 5 ಮಿ.ಮೀ., 4 ಮಿ.ಮೀ.ಗೆ ಅವರು 6 ಅಂತಾರೆ. ನಮ್ಮ 6 ಅವರ 8, ನಮ್ಮ 8 ಅವರ 6. ಇದರ ಮೇಲೆ ಆನ್‌ಲೈನ್‌ನಲ್ಲಿ ಬರೋ ಸರ್ಕ್ಯುಲರ್ ಕಡ್ಡಿಗಳ ಪ್ಯಾಕೆಟ್ ಮೇಲೆ ಬರೀ 8 ಅಂತಿದ್ರೆ ಅದು 8 ಮಿ.ಮೀ. ಕೂಡ ಆಗಿರಬಹುದು. ಹೆಣೆಯೋರಿಗೆಲ್ಲ ಗೊತ್ತಿರೋ ವಿಷಯ ಇದು. ಮಾರೋರಿಗೆ ಗೊತ್ತಿಲ್ಲ ಅಂದ್ರೆ ಅವರು ಅದನ್ನ ಹೆಣೆದೇ ಇಲ್ಲ ಅಂತ ಅರ್ಥ.

"ಮೇಡಂ, 8 ನಂಬರ್ ಅಂದ್ರೆ ಎಷ್ಟು ಮಿಲಿಮೀಟರ್?" ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಸಿಸ್, 8 ನಂಬರ್ ಅಂದ್ರೆ 8 ನಂಬರ್, ಅಂಗಡೀಲಿ ಕೇಳಿದ್ರೆ ಕೊಡ್ತಾರೆ." ಜೊತೆಗೊಂದು ನಗೋ ಇಮೋಜಿ.

ಅಂಗಡೀಲಿ ಕೇಳಿದ್ರೆ ಕೊಡ್ತಾರೆ, ನಿಜ, 4 ಮಿ.ಮೀ. ಕೊಡ್ತಾರೆ. ಈಗ ಲೆಕ್ಕ ಹಾಕಿ. ಪಿಡಿಎಫ್ ಪ್ರಕಾರ ಬೆನ್ನಿಗೆ 84 ಸ್ಟಿಚ್ ಕ್ಯಾಸ್ಟ್ ಆನ್ (ಶುರುವಲ್ಲಿ ಕಡ್ಡಿಗೆ ಏರಿಸೋದು), ಅಗಲ 46 ಸೆಂ.ಮೀ. 84ನ್ನ 46ರಿಂದ ಭಾಗಿಸಿದ್ರೆ 1.83, ಅಂದ್ರೆ 10 ಸೆಂ.ಮೀ.ಗೆ 18 ಸ್ಟಿಚ್. ಇದು 5 ಮಿ.ಮೀ. ಕಡ್ಡಿ, ದಪ್ಪ ವರ್ಸ್ಟೆಡ್ ಉಲ್ಲನ್‌ನ ಟೆನ್ಶನ್. 4 ಮಿ.ಮೀ. ಕಡ್ಡೀಲಿ ಡಿ.ಕೆ. (ವರ್ಸ್ಟೆಡ್‌ಗಿಂತ ಸಣ್ಣ, 4 ಪ್ಲೈಗಿಂತ ದಪ್ಪ) ಉಲ್ಲನ್ ಹೆಣೆದ್ರೆ 10 ಸೆಂ.ಮೀ.ಗೆ 22 ಬರುತ್ತೆ, ಅದೇ 84 ಸ್ಟಿಚ್ 38 ಸೆಂ.ಮೀ. ಆಗುತ್ತೆ. ಹಿಂದೆ ಮುಂದೆ ಸೇರಿ 76. 92ರ ಸ್ವೆಟರ್ ಅಂತ ಹೆಣೆದದ್ದು ಸ್ಕೂಲ್ ಹುಡುಗಿಗೆ ಆಗುತ್ತೆ. ಇನ್ನು ಅಲ್ಲಿ ಬರೆದಿರೋ 4 ಪ್ಲೈ ನಂಬಿಕೊಂಡು ಅದನ್ನೇ ತಂದ್ರೋ, ಕಥೆ ಮುಗೀತು. ನಮ್ಮಲ್ಲೂ ಬ್ರಿಟನ್ನಲ್ಲೂ 4 ಪ್ಲೈ ಅಂದ್ರೆ ಸಣ್ಣ ಎಳೆ, 3.25 ಮಿ.ಮೀ. ಕಡ್ಡೀಲಿ 28 ಸ್ಟಿಚ್. ಅಮೆರಿಕದ ಹಳೇ ಪ್ಯಾಟರ್ನ್‌ಗಳಲ್ಲಿ ಮಾತ್ರ ದಪ್ಪ ವರ್ಸ್ಟೆಡ್‌ಗೆ 4 ಪ್ಲೈ ಅಂತ ಬರೀತಿದ್ರು. 8 ನಂಬರ್, 4 ಪ್ಲೈ, 18 ಸ್ಟಿಚ್, ಮೂರೂ ಒಟ್ಟಿಗೆ ಕೂಡೋದು ಅಮೆರಿಕದ ಲೆಕ್ಕದಲ್ಲಿ ಮಾತ್ರ. ಯಾವುದೋ ಹಳೇ ಅಮೆರಿಕನ್ ಪ್ಯಾಟರ್ನ್ ಎತ್ತಿ, ಟೆನ್ಶನ್ ಸಾಲನ್ನ ಅಳಿಸಿ, ಮೇಲೆ ತಮ್ಮ ಲೋಗೋ ಅಂಟಿಸಿದಾರೆ. 450 ರೂಪಾಯಿ ಅದಕ್ಕೆ!

6 ಉಂಡೆ ಅನ್ನೋದೂ ಹಾಗೇ. ನಮ್ಮಲ್ಲಿ 25, 50, 100 ಗ್ರಾಂ ಎಲ್ಲ ಸಿಗುತ್ತೆ. 50 ಗ್ರಾಂ ಉಂಡೆ ತಂದ್ರೆ ಅರ್ಧ ದಾರೀಲಿ ಮುಗಿಯುತ್ತೆ, ಮತ್ತೆ ಹೋದ್ರೆ ಅದೇ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಸಿಗಲ್ಲ, ತೋಳು ಒಂದು ಬಣ್ಣ, ಮೈ ಒಂದು ಬಣ್ಣ.

ಈಗ ಡಿಸೈನ್. ಫೋಟೋದಲ್ಲಿ ಉದ್ದಕ್ಕೂ ಕೇಬಲ್. ಒಳಗಿರೋ ಬರಹದಲ್ಲಿ ಒಂದೇ ಒಂದು ಕೇಬಲ್ ಸಾಲು ಇಲ್ಲ. ಇರೋದು ಸಾದಾ ಬುಟ್ಟಿ ಡಿಸೈನ್, 6ರ ಮಗ್ಗಿ ಜೊತೆಗೆ 2, ಅಂದ್ರೆ ಒಟ್ಟು ಸ್ಟಿಚ್‌ನಲ್ಲಿ 2 ಕಳೆದ್ರೆ ಉಳಿದದ್ದು 6ರಿಂದ ಸರಿಯಾಗಿ ಭಾಗ ಆಗಬೇಕು. ಫೋಟೋವನ್ನ ದೊಡ್ಡದು ಮಾಡಿ ನೋಡಿ: ಎಡಗಡೆ ಎರಡನೇ ಕೇಬಲ್‌ನಲ್ಲಿ ಒಂದು ಎಳೆ ಇನ್ನೊಂದರ ಅಡಿಗೆ ಹೋಗುತ್ತೆ, ಆ ಕಡೆಯಿಂದ ಹೊರಗೇ ಬರಲ್ಲ. ಕೈಯಲ್ಲಿ ಹೆಣೆದ ಕೇಬಲ್‌ನಲ್ಲಿ ಹಾಗಾಗೋಕೆ ಸಾಧ್ಯವೇ ಇಲ್ಲ, ಅಡಿಗೆ ಹೋದ ಸ್ಟಿಚ್ ಮೇಲೆ ಬರಲೇಬೇಕು. ಎರಡೂ ಪಟ್ಟಿ ಮೇಲೆ ಬಟನ್ ಇದೆ, ಯಾವ ಪಟ್ಟೀಲೂ ಕಾಜಾ ಇಲ್ಲ. ಕಂಪ್ಯೂಟರ್‌ನಲ್ಲಿ ಮಾಡಿಸಿದ ಚಿತ್ರ ಅದು. ಆ ಸ್ವೆಟರ್ ಲೋಕದಲ್ಲಿ ಎಲ್ಲೂ ಇಲ್ಲ.

84ರಲ್ಲಿ 6ರ ಮಗ್ಗಿ ಜೊತೆಗೆ 2 ಕೂರುತ್ತಾ? ಕೂರಲ್ಲ. 80 ಕೂರುತ್ತೆ, 86 ಕೂರುತ್ತೆ, 84ಕ್ಕೆ 4 ಸ್ಟಿಚ್ ಮಿಗುತ್ತೆ. ಇದನ್ನ ಹೇಳಿದ್ದಕ್ಕೆ ಬಂದ ಉತ್ತರ ಓದಿ: "ಸಿಸ್ ಇದು ಎಕ್ಸ್‌ಪರ್ಟ್ ಲೆವೆಲ್, ಬಿಗಿನರ್ಸ್‌ಗೆ ಸ್ವಲ್ಪ ಕನ್‌ಫ್ಯೂಸ್ ಆಗುತ್ತೆ. ಎಲ್ಲರಿಗೂ ಅರ್ಥ ಆಗಿದೆ, ನಿಮಗೊಬ್ಬರಿಗೇ ಪ್ರಾಬ್ಲಮ್." ಗ್ರೂಪ್‌ನಲ್ಲಿ, ಎಲ್ಲರ ಮುಂದೆ! ಮೈಯೆಲ್ಲ ಉರಿದುಹೋಯ್ತು, ಮುಖ ಎತ್ತೋಕಾಗದಷ್ಟು ನಾಚಿಕೆಯೂ ಆಯ್ತು. ಈ ಒಂದು ಮಾತಿಗೇ ಕೊಂಡೋರೆಲ್ಲ ಬಾಯಿ ಮುಚ್ಚಿಕೊಳ್ಳೋದು. ನನಗೇ ಬರಲ್ವೇನೋ, ಇಂಗ್ಲಿಷ್ ಅರ್ಥ ಆಗಿಲ್ವೇನೋ ಅಂತ ಸುಮ್ಮನಾಗಿಬಿಡ್ತಾರೆ. ಸುಮ್ಮನಾಗಬೇಡಿ. 84 ಮೈನಸ್ 2, ಭಾಗಿಸು 6. ಇದರಲ್ಲಿ ಎಕ್ಸ್‌ಪರ್ಟ್ ಆಗೋಕೆ ಏನಿದೆ?

ಮೋಸ ಅಂತ ಖಚಿತವಾಗಿದ್ದು ಭುಜದ ಹತ್ರ. ಯಾವ ಪ್ಯಾಟರ್ನ್ ಗೊಂದಲ ಅನಿಸಿದ್ರೂ ಮೊದಲು ಭುಜಕ್ಕೆ ಹೋಗಿ, ಅಲ್ಲಿಂದ ಕೆಳಗೆ ಲೆಕ್ಕ ಹಾಕ್ತಾ ಬನ್ನಿ. ಬೆನ್ನಿನ ಕೊನೇಲಿ ಭುಜಕ್ಕೆ 20, ಕುತ್ತಿಗೆಗೆ 30, ಇನ್ನೊಂದು ಭುಜಕ್ಕೆ 20 ಅಂತಿದೆ. ಒಟ್ಟು 70. ಕಂಕುಳಲ್ಲಿ ಆ ಕಡೆ 8, ಈ ಕಡೆ 8 ಕಳೆದಿದಾರೆ. 70ಕ್ಕೆ 16 ಸೇರಿಸಿದ್ರೆ 86. ಎಂಬತ್ತಾರು! ಅಂದ್ರೆ ಮೂಲದಲ್ಲಿ ರಿಬ್ (ಕೆಳಗಿನ ಹಿಗ್ಗೋ ಪಟ್ಟಿ) ಮುಗಿದ ಮೇಲೆ "2 ಸ್ಟಿಚ್ ಹೆಚ್ಚಿಸಿ" ಅಂತ ಒಂದು ಸಾಲು ಇತ್ತು. ಕಾಪಿ ಮಾಡುವಾಗ ಅದನ್ನೇ ಬಿಟ್ಟಿದಾರೆ. ಅಗಲದ ಲೆಕ್ಕವೂ ಇದರಿಂದ ಕೆಡಲ್ಲ, 86ರಲ್ಲಿ ಪಕ್ಕದ ಹೊಲಿಗೆಗೆ 2 ಹೋದ್ರೆ ಮತ್ತೆ 84 ಉಳಿಯುತ್ತೆ. ಇದನ್ನೂ ಸ್ಕ್ರೀನ್‌ಶಾಟ್ ಸಮೇತ ಕಳಿಸಿದ್ದಾಯ್ತು. ನೀಲಿ ಟಿಕ್ ಬಿತ್ತು. ಉತ್ತರವಾಗಿ ಬಂದದ್ದು ಕ್ಯಾಸ್ಟ್ ಆನ್ ಮಾಡೋದು ಹೇಗೆ ಅಂತ ಒಂದು ಯೂಟ್ಯೂಬ್ ಲಿಂಕ್. ಕ್ಯಾಸ್ಟ್ ಆನ್ ಮಾಡೋದು ಹೇಗೆ ಅಂತ! ಇದಕ್ಕಿಂತ ಅವಮಾನ ಬೇಕಾ?

ಮುಂಭಾಗದಲ್ಲಿ ಇನ್ನೂ ದೊಡ್ಡ ಗುಂಡಿ ಇದೆ. 42 ಸ್ಟಿಚ್, 32 ಸೆಂ.ಮೀ. ಆದ ಮೇಲೆ ಕುತ್ತಿಗೆ ಕಡೆ "ಮುಂದಿನ ಸಾಲಲ್ಲೂ, ಆಮೇಲಿನ ಪ್ರತಿ 4ನೇ ಸಾಲಲ್ಲೂ 13 ಸಲ" ಒಂದೊಂದು ಕಡಿಮೆ ಮಾಡಿ ಅಂತಿದೆ. ಒಟ್ಟು 13ಓ 14ಓ ಅನ್ನೋ ಅನುಮಾನ ಒಳ್ಳೇ ಪ್ಯಾಟರ್ನ್‌ಗಳಲ್ಲೂ ಬರುತ್ತೆ, ಅದನ್ನ ತಪ್ಪು ಅನ್ನಲ್ಲ. ಭುಜದಲ್ಲಿ ಉಳಿಯೋದು ನೋಡಿದ್ರೆ ಗೊತ್ತಾಗುತ್ತೆ: 42ರಲ್ಲಿ ಕಂಕುಳಿಗೆ 8 ಹೋದ್ರೆ 34, ಭುಜಕ್ಕೆ 20 ಬೇಕು, ಹಾಗಾಗಿ ಕುತ್ತಿಗೆಗೆ 14. ಮೊದಲನೇ ಸಾಲು ಬೇರೆ, 13 ಬೇರೆ. ಸಿಟ್ಟು ಬರೋದು ಇದರ ನಂತರ. ಕುತ್ತಿಗೆ ಪ್ಯಾರಾ ಮುಗಿದ ಮೇಲೆ ಬೇರೆ ಪ್ಯಾರಾದಲ್ಲಿ "36 ಸೆಂ.ಮೀ.ಗೆ ಕಂಕುಳು ಶುರು ಮಾಡಿ" ಅಂತಿದೆ. "ಇದೇ ಹೊತ್ತಿಗೆ" ಅನ್ನೋ ಮಾತೇ ಇಲ್ಲ! 14 ಸಲ ಕಡಿಮೆ ಮಾಡೋಕೆ 53 ಸಾಲು ಬೇಕು, 18 ಸ್ಟಿಚ್ ಟೆನ್ಶನ್‌ಗೆ ಸಾಮಾನ್ಯವಾಗಿ ಬರೋ 10 ಸೆಂ.ಮೀ.ಗೆ 24 ಸಾಲಿನ ಹಾಗೆ 22 ಸೆಂ.ಮೀ. ಬರೆದ ಕ್ರಮದಲ್ಲೇ ಹೋದೋರು 54 ಸೆಂ.ಮೀ. ತಲುಪಿ ಆಮೇಲೆ 36ಕ್ಕೆ ಶುರು ಮಾಡಿ ಅನ್ನೋದನ್ನ ಓದ್ತಾರೆ. 18 ಸೆಂ.ಮೀ. ಬಿಚ್ಚಬೇಕು.

ಬಲಭಾಗಕ್ಕೆ ಒಂದೇ ಸಾಲು: "ಎಡದಂತೆಯೇ, ತಿರುಗಿಸಿ." ಅಷ್ಟೇ. ಈ ಸಾಲೂ ಎಲ್ಲಾ ಕಡೆ ಇರುತ್ತೆ, ಆದ್ರೆ ಎಡದ್ದನ್ನೇ ಅರ್ಧಂಬರ್ಧ ಬರೆದೋರು ಹೀಗೆ ಬರೆಯೋ ಹಾಗಿಲ್ಲ. ಎಡಭಾಗದಲ್ಲಿ ಕಂಕುಳಿನ ಕ್ಯಾಸ್ಟ್ ಆಫ್ (ಸ್ಟಿಚ್ ಮುಚ್ಚೋದು) ಮೇಲ್ಬದಿ ಸಾಲಿನ ಶುರುವಿಗೆ, ಬಲಭಾಗದಲ್ಲಿ ಒಳಬದಿ ಸಾಲಿನ ಶುರುವಿಗೆ, ಅಂದ್ರೆ ಒಂದು ಸಾಲು ತಡವಾಗಿ. ಕುತ್ತಿಗೆ ಕಡೆ ಎಡಕ್ಕೆ ಸಾಲಿನ ಕೊನೇಲಿ 3 ಸ್ಟಿಚ್ ಇರುವಾಗ ಎರಡು ಸೇರಿಸಿ ನಿಟ್ (ಸೀದಾ ಸ್ಟಿಚ್), ಆಮೇಲೆ 1 ನಿಟ್. ಬಲಕ್ಕೆ ಸಾಲಿನ ಶುರುವಲ್ಲಿ 1 ನಿಟ್, ಆಮೇಲೆ ಸ್ಲಿಪ್ ಸ್ಲಿಪ್ ನಿಟ್ (ಎರಡು ಸ್ಟಿಚ್ ಹೆಣೆಯದೆ ದಾಟಿಸಿ, ಆಮೇಲೆ ಒಟ್ಟಿಗೆ ಹೆಣೆಯೋದು). ಎರಡೂ ಕಡೆ ಒಂದೇ ಥರ ಮಾಡಿದ್ರೆ ವಿ-ಯ ಒಂದು ಅಂಚು ನೀಟಾಗಿ ಇಳಿಯುತ್ತೆ, ಇನ್ನೊಂದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ.

ದುಡ್ಡು ವಾಪಸ್ ಕೇಳಿದ್ರೆ "ಡಿಜಿಟಲ್ ಪ್ರಾಡಕ್ಟ್, ನೋ ರೀಫಂಡ್. ನಿಮ್ಮ ಕೈ ಬಿಗಿ, ಅದಕ್ಕೆ ಅಳತೆ ಬರ್ತಿಲ್ಲ." ಆಮೇಲೆ ಬ್ಲಾಕ್. ಕೈ ಬಿಗಿಯೋ ಸಡಿಲವೋ ಅಂತ ಹೇಳೋಕೆ ಮೊದಲು ಟೆನ್ಶನ್ ಕೊಟ್ಟಿರಬೇಕಲ್ವಾ? ಕೊಡದೇ ಇರೋ ಟೆನ್ಶನ್‌ಗೆ ಯಾರ ಕೈ ತಾನೇ ಹೊಂದುತ್ತೆ?

ಕೊಳ್ಳೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಕಡ್ಡಿ ಎಷ್ಟು ಮಿ.ಮೀ., 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಎಷ್ಟು ಸಾಲು, ಉಲ್ಲನ್ ಒಟ್ಟು ಎಷ್ಟು ಮೀಟರ್, ಹೆಚ್ಚು ಕಡಿಮೆ ಮಾಡಿದ ಕಡೆಯಲ್ಲೆಲ್ಲ ಉಳಿದ ಸ್ಟಿಚ್ ಲೆಕ್ಕ ಕೊಟ್ಟಿದಾರಾ. ಒಂದಕ್ಕೆ ತಡವರಿಸಿದ್ರೂ ಬಿಟ್ಟುಬಿಡಿ. ಹೆಣೆದ ಸ್ವೆಟರ್‌ನ ಒಳಬದಿ ಫೋಟೋ ಕೇಳಿ, ನಿಜವಾಗಿ ಹೆಣೆದೋರ ಹತ್ರ ಮಾತ್ರ ಅದಿರುತ್ತೆ. ಚಾಟ್, ಯುಪಿಐ ರಸೀದಿ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಶಾಪಿಂಗ್ ವೆಬ್‌ಸೈಟ್ ಮೂಲಕ ಕೊಂಡಿದ್ರೆ 2020ರ ಇ-ಕಾಮರ್ಸ್ ನಿಯಮದಂತೆ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಈಗಾಗಲೇ ಕೊಂಡು ಕೂತಿರೋರು ಹೀಗೆ ಮಾಡಿ. 5 ಮಿ.ಮೀ. ಕಡ್ಡಿ, ಅಂದ್ರೆ ನಮ್ಮ ಅಂಗಡಿಯ 6 ನಂಬರ್ ಕೇಳಿ. ವರ್ಸ್ಟೆಡ್ ದಪ್ಪದ ಉಲ್ಲನ್, ಆ 6 ಉಂಡೆಯನ್ನ 100 ಗ್ರಾಂ ಅಂತಲೇ ಇಟ್ಟುಕೊಳ್ಳಿ. ಬುಟ್ಟಿ ಡಿಸೈನ್‌ನಲ್ಲೇ ಒಂದು ತುಂಡು ಹೆಣೆದು, ತೊಳೆದು, ಒಣಗಿಸಿ ಅಳೆಯಿರಿ. 18 ಬರದಿದ್ರೆ ಕಡ್ಡಿ ಬದಲಾಯಿಸಿ. ರಿಬ್ ಆದ ಮೇಲೆ ಬೆನ್ನಲ್ಲಿ 2 ಹೆಚ್ಚಿಸಿ 86 ಮಾಡಿ. ಮುಂಭಾಗದಲ್ಲಿ 36 ಸೆಂ.ಮೀ. ಆದ ತಕ್ಷಣ ಕುತ್ತಿಗೆ ಇಳಿಕೆ ನಿಲ್ಲಿಸದೆ ಕಂಕುಳನ್ನೂ ಶುರು ಮಾಡಿ, ಎರಡಕ್ಕೂ ಬೇರೆ ಬೇರೆ ಗೀಟು ಹಾಕ್ತಾ ಹೋಗಿ. ಕಾಜಾ ಬಗ್ಗೆ ಪಿಡಿಎಫ್‌ನಲ್ಲಿ ಒಂದಕ್ಷರ ಇಲ್ಲ. ಬಲಭಾಗದ ನೇರ ಅಂಚು 32 ಸೆಂ.ಮೀ., ಸುಮಾರು 77 ಸಾಲು. 4 ಸಾಲಿಗೆ 3ರ ಹಾಗೆ ಅಲ್ಲಿ 58 ಸ್ಟಿಚ್ ಎತ್ತಿ, ವಿ ಅಂಚನ್ನ ಮುಂದುವರಿಸಿ. ಪಟ್ಟಿಯ ನಡುಸಾಲಲ್ಲಿ ಕೆಳಗಿಂದ 3 ಬಿಟ್ಟು ಒಂದು ಕಾಜಾ ಮಾಡಿ, ಯಾರ್ನ್ ಓವರ್ (ಕಡ್ಡಿ ಮೇಲೆ ಎಳೆ ಒಂದು ಸುತ್ತು) ಆಮೇಲೆ ಎರಡು ಸೇರಿಸಿ ನಿಟ್. ನಡುವೆ ಎಂಟೆಂಟು ಸ್ಟಿಚ್ ಬಿಟ್ಟು ಇನ್ನೂ ಐದು ಮಾಡಿದ್ರೆ, ವಿ ಶುರುವಾಗೋ ಜಾಗಕ್ಕೆ ಸರಿಯಾಗಿ 3 ಉಳಿಯುತ್ತೆ.