ಎನ್‌ಎಸಿಎ ದಾಖಲೆಗಳು: ಪುಕ್ಕಟೆ ಪಿಡಿಎಫ್‌ನಿಂದ ಫಿಲಡೆಲ್ಫಿಯಾದ ಪೆಟ್ಟಿಗೆಯವರೆಗೆ

ಏರೋನಾಟಿಕಲ್ ಓದುವ ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ನಾಕಾ 2412’, ‘ನಾಕಾ 0012’ ಅಂತ ಏರ್‌ಫಾಯಿಲ್‌ಗಳ, ಅಂದರೆ ರೆಕ್ಕೆಯ ಅಡ್ಡಕೊಯ್ತದ ಆಕಾರಗಳ, ಹೆಸರು ಹೇಳುತ್ತಾರೆ. ಆ ಅಂಕಿಗಳ ಹಿಂದಿರುವುದು ಅಮೆರಿಕದ ನ್ಯಾಷನಲ್ ಅಡ್ವೈಸರಿ ಕಮಿಟಿ ಫಾರ್ ಏರೋನಾಟಿಕ್ಸ್, ಅಂದರೆ ಎನ್‌ಎಸಿಎ. 1915ರ ಮಾರ್ಚ್ 3ರಂದು ನೌಕಾಪಡೆಯ ಖರ್ಚುವೆಚ್ಚದ ಮಸೂದೆಗೆ ಬಾಲವಾಗಿ ಸೇರಿಸಿ ಇದನ್ನು ಹುಟ್ಟುಹಾಕಿದರು. ಸಂಬಳವಿಲ್ಲದ 12 ಸದಸ್ಯರು, ವರ್ಷಕ್ಕೆ 5,000 ಡಾಲರ್, ಅಷ್ಟೇ ಬಂಡವಾಳ. 1958ರ ಅಕ್ಟೋಬರ್ 1ರಂದು ಇದೇ ನಾಸಾ ಆಯಿತು. (ಅಲ್ಲಿ ಕೆಲಸ ಮಾಡಿದವರು ‘ನಾಕಾ’ ಅನ್ನುತ್ತಿರಲಿಲ್ಲ, ಎನ್, ಎ, ಸಿ, ಎ ಎಂದು ನಾಲ್ಕೂ ಅಕ್ಷರ ಬಿಡಿಸಿಯೇ ಹೇಳುತ್ತಿದ್ದರು.)

ಆ 43 ವರ್ಷಗಳ ಕೆಲಸ ಇವತ್ತು ಮುಖ್ಯವಾಗಿ ಎರಡು ಕಡೆ ಸಿಗುತ್ತದೆ. ಅಚ್ಚಾದ ವರದಿಗಳು ನಾಸಾದ ಟೆಕ್ನಿಕಲ್ ರಿಪೋರ್ಟ್ಸ್ ಸರ್ವರ್‌ನಲ್ಲಿವೆ, ಅಂದರೆ ಎನ್‌ಟಿಆರ್‌ಎಸ್‌ನಲ್ಲಿ. ಅಚ್ಚಾಗದ ಪತ್ರ, ಕರಡು, ಫೋಟೊ, ನಕ್ಷೆಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ರೆಕಾರ್ಡ್ ಗ್ರೂಪ್ 255ರಲ್ಲಿವೆ. ಅಂಕಿ ಬೇಕಿದ್ದರೆ ಮೊದಲನೆಯದು ಸಾಕು. ಆ ಅಂಕಿ ಹೇಗೆ ಹುಟ್ಟಿತು, ಯಾರಿಗೆ ಯಾವ ಅನುಮಾನವಿತ್ತು ಎಂದು ತಿಳಿಯಬೇಕಿದ್ದರೆ ಎರಡನೆಯದರ ಬಾಗಿಲು ತಟ್ಟಲೇಬೇಕು.

ಎನ್‌ಟಿಆರ್‌ಎಸ್‌ನಿಂದಲೇ ಶುರು ಮಾಡೋಣ. ಲಾಗಿನ್ ಇಲ್ಲ, ದುಡ್ಡಿಲ್ಲ. ಹುಡುಕಿ, ಪುಟ ತೆರೆದು, ಪಿಡಿಎಫ್ ಇಳಿಸಿಕೊಂಡರೆ ಮುಗಿಯಿತು. ಎಡವುವುದು ಹುಡುಕಾಟದಲ್ಲಿ. ಲೇಖಕರ ಹೆಸರು ಮತ್ತು ಒಂದೆರಡು ಸಾಮಾನ್ಯ ಪದ ಹಾಕಿದರೆ ನಾಸಾ ಕಾಲದ ಸಾವಿರಾರು ದಾಖಲೆಗಳ ನಡುವೆ ಹಳೆಯದು ಕಳೆದುಹೋಗುತ್ತದೆ. ವರದಿಯ ಸಂಖ್ಯೆಯನ್ನು ಅಡ್ಡಗೆರೆ ಸಮೇತ ಕೊಡಿ: ಎನ್‌ಎಸಿಎ-ಟಿಆರ್-824, ಎನ್‌ಎಸಿಎ-ಟಿಎನ್-2567, ಹೀಗೆ, ಇಂಗ್ಲಿಷ್ ಅಕ್ಷರಗಳಲ್ಲಿ. ಅದೂ ಸಿಗದಿದ್ದರೆ ಶೀರ್ಷಿಕೆಯ ನಾಲ್ಕೈದು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಜೊತೆಗೆ ವರ್ಷದ ಮಿತಿಯನ್ನು 1915ರಿಂದ 1958ಕ್ಕೆ ಇಳಿಸಿ.

ಸಂಖ್ಯೆಯ ಮುಂದಿನ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆ. ಟಿಆರ್ ಅಂದರೆ ಪೂರ್ತಿ ಪರಿಶೀಲಿಸಿ ವಾರ್ಷಿಕ ಸಂಪುಟದಲ್ಲಿ ಸೇರಿಸಿದ ಪಕ್ಕಾ ವರದಿ. ಟಿಎನ್ ಅದಕ್ಕಿಂತ ಬೇಗ ಹೊರಬಂದ ಟಿಪ್ಪಣಿ. ಟಿಎಂ ಬಹುಪಾಲು ಹೊರದೇಶದ ಲೇಖನಗಳ ಅನುವಾದ. ಯುದ್ಧಕಾಲದ ಗುಟ್ಟಿನ ವರದಿಗಳನ್ನು ಆಮೇಲೆ ಡಬ್ಲ್ಯುಆರ್ ಹೆಸರಿನಲ್ಲಿ ಒಟ್ಟುಮಾಡಿದರು. ಅವುಗಳ ಸಂಖ್ಯೆಗೆ ಮುಂಚೆ ಎಲ್ ಇದ್ದರೆ ವರ್ಜೀನಿಯಾದ ಲ್ಯಾಂಗ್ಲಿ ಪ್ರಯೋಗಾಲಯ, ಎ ಇದ್ದರೆ ಕ್ಯಾಲಿಫೋರ್ನಿಯಾದ ಏಮ್ಸ್, ಇ ಇದ್ದರೆ ಕ್ಲೀವ್‌ಲ್ಯಾಂಡ್‌ನ ಎಂಜಿನ್ ಪ್ರಯೋಗಾಲಯ. ಯುದ್ಧದ ನಂತರದ ರಿಸರ್ಚ್ ಮೆಮೊರಾಂಡಂಗಳು ಆರ್‌ಎಂ. ಇವುಗಳ ಸಂಖ್ಯೆಯೊಳಗೆ ತಾರೀಖೇ ಅಡಗಿದೆ. ಉದಾಹರಣೆಗೆ ರಿಚರ್ಡ್ ವಿಟ್‌ಕಾಂಬ್ ಅವರ ಏರಿಯಾ ರೂಲ್ ವರದಿ ಆರ್‌ಎಂ ಎಲ್52ಎಚ್08. ಎಲ್ ಲ್ಯಾಂಗ್ಲಿ, 52 ವರ್ಷ, ಎಚ್ ಎಂಟನೇ ಅಕ್ಷರವಾದ್ದರಿಂದ ಆಗಸ್ಟ್, 08 ದಿನಾಂಕ. ಶಬ್ದದ ವೇಗದ ಹತ್ತಿರ ಡ್ರ್ಯಾಗ್ (ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆ) ಏರುವುದು ವಿಮಾನದ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ಹೇಗೆ ಬದಲಾಗುತ್ತದೆ ಅನ್ನುವುದರ ಮೇಲೆ ನಿಂತಿದೆ ಎಂದು ಹೇಳಿದ ಬರಹ ಇದು. ಆಗ ಗೋಪ್ಯವಾಗಿತ್ತು, ಎಲ್ಲರೂ ಓದುವ ಟಿಆರ್ 1273 ಆಗಿ ಬಂದದ್ದು 1956ರಲ್ಲಿ. ಆರ್‌ಎಂ ಹುಡುಕುವಾಗ ಸೊನ್ನೆ ಮತ್ತು ಓ ಅಕ್ಷರ, ಒಂದು ಮತ್ತು ಐ ಅಕ್ಷರ ಅದಲುಬದಲಾಗಿರುವುದುಂಟು; ಸಿಗದಿದ್ದರೆ ಎರಡನ್ನೂ ಹಾಕಿ ನೋಡಿ.

ಒಂದೇ ಕೆಲಸ ಟಿಎನ್ ಆಗಿಯೂ ಟಿಆರ್ ಆಗಿಯೂ ಎರಡು ನಮೂದುಗಳಲ್ಲಿ ಕಾಣಿಸುತ್ತದೆ. ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಸತೀಶ್ ಧವನ್. 1951ರಲ್ಲಿ ಬೆಂಗಳೂರಿನ ಐಐಎಸ್‌ಸಿ ಸೇರುವ ಮುನ್ನ ಅವರು ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಕೆಲಸ ‘ಡೈರೆಕ್ಟ್ ಮೆಷರ್‌ಮೆಂಟ್ಸ್ ಆಫ್ ಸ್ಕಿನ್ ಫ್ರಿಕ್ಷನ್’ 1952ರಲ್ಲಿ ಟಿಎನ್ 2567 ಆಗಿ, 1953ರಲ್ಲಿ ಟಿಆರ್ 1121 ಆಗಿ ಬಂತು. ಚಪ್ಪಟೆ ತಗಡಿನ ಮೈಯಲ್ಲಿ ಒಂದು ಪುಟ್ಟ ತುಂಡನ್ನು ಮಾತ್ರ ಸಡಿಲ ಬಿಟ್ಟು, ಗಾಳಿ ಅದನ್ನು ಎಳೆಯುವ ಬಲವನ್ನು ನೇರವಾಗಿ ಅಳೆಯುವ ಸಾಧನ ಅದು. ಆ ಬಲ ಸುಮಾರು 1 ಮಿಲಿಗ್ರಾಂನಿಂದ 100 ಮಿಲಿಗ್ರಾಂ. ಬೆಂಗಳೂರಿನ ವಿದ್ಯಾರ್ಥಿಗಳು ಬೇರೆ ಯಾವುದನ್ನು ಬಿಟ್ಟರೂ ಈ ಒಂದು ಪಿಡಿಎಫ್ ಇಳಿಸಿಕೊಂಡು ಉಪಕರಣದ ಭಾಗವನ್ನು ನಿಧಾನವಾಗಿ ಓದಬೇಕು. ಅಳತೆಯ ಶಿಸ್ತು ಅಂದರೇನು ಅಂತ ಅಲ್ಲಿ ಕಾಣುತ್ತದೆ. ಪ್ರಾಜೆಕ್ಟ್ ವರದಿಯಲ್ಲಿ ಉಲ್ಲೇಖಿಸುವಾಗ ಟಿಆರ್ ಇದ್ದರೆ ಟಿಆರ್ ಕೊಡಿ. ಆದರೆ ಟಿಎನ್ ಕೂಡ ತೆರೆದು ನೋಡಿ. ಸಂಪುಟಕ್ಕೆ ಸೇರಿಸುವಾಗ ಚಿತ್ರಗಳನ್ನು ಕುಗ್ಗಿಸಿದ್ದು ಎಷ್ಟೋ ಕಡೆ ಇದೆ, ಟಿಎನ್‌ನಲ್ಲಿ ಅದೇ ಚಿತ್ರ ಪೂರ್ತಿ ಪುಟದಲ್ಲಿರುತ್ತದೆ.

ಇನ್ನು ಪಿಡಿಎಫ್‌ನ ಗುಣಮಟ್ಟ. ಬರಹ ಓದಲು ತೊಂದರೆ ಇಲ್ಲ. ತೊಂದರೆ ಇರುವುದು ಗ್ರಾಫು ಮತ್ತು ಕೋಷ್ಟಕಗಳಲ್ಲಿ. ಹಳೆಯ ಸ್ಕ್ಯಾನ್‌ಗಳಲ್ಲಿ ಬಹಳಷ್ಟು ಬರೀ ಕಪ್ಪು ಬಿಳುಪು, ನಡುವೆ ಬೂದು ಛಾಯೆಯೇ ಇಲ್ಲ. ಹೀಗಾಗಿ ಫೋಟೊಗಳು ಮಸಿ ಬಳಿದಂತಾಗಿವೆ, ಗ್ರಾಫಿನಲ್ಲಿ ವೃತ್ತ, ಚೌಕ, ವಜ್ರದ ಗುರುತುಗಳು ಒಂದರೊಳಗೊಂದು ಕರಗಿವೆ. ಕೋಷ್ಟಕವನ್ನು ನೇರ ನಕಲು ಮಾಡಿ ಸ್ಪ್ರೆಡ್‌ಶೀಟ್‌ಗೆ ಅಂಟಿಸಿದರೆ ದಶಮಾಂಶದ ಚುಕ್ಕೆ ಮತ್ತು ಮೈನಸ್ ಗುರುತು ಮೊದಲು ಮಾಯವಾಗುತ್ತವೆ.

ಇದನ್ನು ಹಿಡಿಯಲು ಸುಲಭದ ದಾರಿ ಇದೆ. ಟಿಆರ್ 824, ಅಂದರೆ ಅಬಟ್, ಫಾನ್ ಡೋನ್‌ಹಾಫ್, ಸ್ಟಿವರ್ಸ್ ಅವರ 1945ರ ‘ಸಮ್ಮರಿ ಆಫ್ ಏರ್‌ಫಾಯಿಲ್ ಡೇಟಾ’ ತೆರೆದು 2412ರ ಕೋಷ್ಟಕ ನೋಡಿ. ಅಲ್ಲಿ ಎಲ್ಲ ಅಂಕಿಗಳೂ ಕಾರ್ಡ್‌ನ ಶೇಕಡಾವಾರು, ಅಂದರೆ ರೆಕ್ಕೆಯ ಮುಂಚೂಣಿಯಿಂದ ಹಿಂಚೂಣಿಯವರೆಗಿನ ಉದ್ದಕ್ಕೆ ಹೋಲಿಸಿದ್ದು. 30ನೇ ಸ್ಥಾನದಲ್ಲಿ ಮೇಲ್ಮೈ 7.88, ಕೆಳಮೈ ಮೈನಸ್ 4.12. ಎರಡರ ಅಂತರ 12.00. ಹೆಸರಿನ ಕೊನೆಯ ಎರಡು ಅಂಕಿ ಹೇಳುವ ದಪ್ಪವೂ ಅದೇ. ಹೀಗೆ ಪ್ರತಿ ಸಾಲಿನ ದಪ್ಪ ಲೆಕ್ಕ ಹಾಕಿ ಗೆರೆ ಎಳೆದರೆ ನುಣುಪಾಗಿ ಏರಿ ಇಳಿಯಬೇಕು. ಎಲ್ಲಿ ಗುಂಡಿ ಅಥವಾ ಉಬ್ಬು ಬಂತೋ ಅಲ್ಲಿ ಸ್ಕ್ಯಾನ್ ತಪ್ಪು ಓದಿದೆ. 200 ಮಿಲಿಮೀಟರ್ ಕಾರ್ಡ್ ಇದ್ದರೆ ಪ್ರತಿ ಅಂಕಿಯನ್ನು 2ರಿಂದ ಗುಣಿಸಿ. ಕೋಷ್ಟಕದ ಕೆಳಗಿರುವ ಮೂತಿಯ ತ್ರಿಜ್ಯ 1.58 ಅನ್ನು ಬಿಟ್ಟುಬಿಡಬೇಡಿ; 200 ಮಿಲಿಮೀಟರ್‌ಗೆ ಅದು 3.16 ಮಿಲಿಮೀಟರ್ ಆಗುತ್ತದೆ. ಅದನ್ನು ಬಿಟ್ಟು ಬರೀ ಚುಕ್ಕೆಗಳನ್ನು ಜೋಡಿಸಿದರೆ ಮೂತಿ ಚೂಪಾಗಿ, ರೆಕ್ಕೆ ಬೇಗ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಮಾತು: ನಾಲ್ಕಂಕಿ ಏರ್‌ಫಾಯಿಲ್‌ನ ಹಿಂಚೂಣಿ ಸೂತ್ರದ ಪ್ರಕಾರ ಪೂರ್ತಿ ಮುಚ್ಚುವುದಿಲ್ಲ. 12 ಶೇಕಡಾ ದಪ್ಪಕ್ಕೆ ಮೇಲೆ ಕೆಳಗೆ ತಲಾ 0.13ರಷ್ಟು ಉಳಿಯುತ್ತದೆ, 200 ಮಿಲಿಮೀಟರ್‌ನಲ್ಲಿ ಸುಮಾರು ಅರ್ಧ ಮಿಲಿಮೀಟರ್. ಕ್ಯಾಡ್‌ನಲ್ಲಿ ಅದನ್ನು ಬಲವಂತವಾಗಿ ಸೊನ್ನೆಗೆ ಎಳೆಯುವವರು ಕೊನೆಯ ಭಾಗದ ಆಕಾರವನ್ನೇ ಕೆಡಿಸುತ್ತಾರೆ.

ಗ್ರಾಫಿನಿಂದ ಅಂಕಿ ತೆಗೆಯಲು ವೆಬ್‌ಪ್ಲಾಟ್‌ಡಿಜಿಟೈಸರ್ ಥರದ ತಂತ್ರಾಂಶ ಸಾಕು. ಆದರೆ ಮೊದಲು ಪುಟವನ್ನು ನೆಟ್ಟಗೆ ತಿರುಗಿಸಿ. ಸಂಪುಟದ ಬೆನ್ನಿನ ಕಡೆ ಕಾಗದ ಬಾಗಿದ್ದರಿಂದ ಗ್ರಿಡ್‌ನ ಒಂದು ಅಂಚು ಹಿಗ್ಗಿರುತ್ತದೆ. ಅಕ್ಷದ ಎರಡು ತುದಿಗಳನ್ನು ಮಾತ್ರ ನಂಬದೆ ನಡುವಿನ ಒಂದು ಗೆರೆಯಲ್ಲೂ ತಾಳೆ ನೋಡಿ.

ಅಂಕಿ ಸರಿಯಾಗಿ ಸಿಕ್ಕ ಮೇಲೂ ಅದು ಯಾವ ವಿಂಡ್ ಟನಲ್‌ನದು (ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಅಂತ ಕೇಳದಿದ್ದರೆ ಪ್ರಯೋಜನವಿಲ್ಲ. ಟಿಆರ್ 460 ಇದಕ್ಕೆ ಪಾಠ. 1933ರ ಈ ವರದಿಯಲ್ಲಿ 78 ಏರ್‌ಫಾಯಿಲ್‌ಗಳಿವೆ. 5 ಇಂಚು ಅಗಲ, 30 ಇಂಚು ಉದ್ದದ ರೆಕ್ಕೆಗಳನ್ನು ಲ್ಯಾಂಗ್ಲಿಯ ವೇರಿಯಬಲ್ ಡೆನ್ಸಿಟಿ ಟನಲ್‌ನಲ್ಲಿ, ಗಾಳಿಯನ್ನು ಸುಮಾರು 20 ಪಟ್ಟು ಒತ್ತಿ, 30 ಲಕ್ಷದಷ್ಟು ರೆನಾಲ್ಡ್ಸ್ ಸಂಖ್ಯೆಯಲ್ಲಿ ಪರೀಕ್ಷಿಸಿದರು. (ರೆಕ್ಕೆಯ ಗಾತ್ರ, ವೇಗ, ಗಾಳಿಯ ಸಾಂದ್ರತೆ ಮತ್ತು ಸ್ನಿಗ್ಧತೆ ಸೇರಿಸಿ ಲೆಕ್ಕ ಹಾಕುವ ಅಂಕಿ ಇದು; ಇದು ಬೇರೆಯಾದರೆ ಫಲಿತಾಂಶವೂ ಬೇರೆ.) ಆ ಟನಲ್‌ನ ಗಾಳಿಯಲ್ಲಿ ಕಲಕು ಹೆಚ್ಚು. ಟಿಆರ್ 586ರಲ್ಲಿ ಅದಕ್ಕೆ 2.64ರ ಗುಣಕ ಕೊಟ್ಟು ‘ಪರಿಣಾಮಕಾರಿ’ ರೆನಾಲ್ಡ್ಸ್ ಸಂಖ್ಯೆ ಲೆಕ್ಕ ಹಾಕಿದರು. 30 ಲಕ್ಷದ್ದು ಸುಮಾರು 80 ಲಕ್ಷ ಆಗುತ್ತದೆ. 460ನ್ನು ಓದಿ 586ನ್ನು ಓದದವರು ಗರಿಷ್ಠ ಲಿಫ್ಟ್‌ನ (ಎತ್ತುವ ಬಲದ) ಅಂಕಿಯನ್ನು ತಪ್ಪು ಜಾಗದಲ್ಲಿ ಬಳಸುತ್ತಾರೆ. ಸರ್ವರ್ ಈ ಎರಡು ವರದಿಗಳನ್ನು ಜೋಡಿಸಿ ತೋರಿಸುವುದಿಲ್ಲ. ಈ ಸೇವೆಯ ಬಹುದೊಡ್ಡ ಕೊರತೆ ಅಂತ ಹೇಳುವುದಾದರೆ ಇದೇ: ತಿದ್ದುಪಡಿಯ ಎಳೆ ಓದುಗನೇ ಹಿಡಿಯಬೇಕು.

824ರ ಅಂಕಿಗಳು ಬೇರೆಯವು. ಕಲಕು ತೀರ ಕಡಿಮೆ ಇರುವ ಟನಲ್, 24 ಇಂಚು ಕಾರ್ಡ್‌ನ ಮಾದರಿ, ಮುಖ್ಯ ಗ್ರಾಫ್‌ಗಳು 30, 60, 90 ಲಕ್ಷ ರೆನಾಲ್ಡ್ಸ್ ಸಂಖ್ಯೆಗೆ. ಲಿಫ್ಟನ್ನು ಟನಲ್‌ನ ನೆಲ ಮತ್ತು ಚಾವಣಿಯ ಮೇಲಿನ ಒತ್ತಡದಿಂದ, ಡ್ರ್ಯಾಗನ್ನು ರೆಕ್ಕೆಯ ಹಿಂದಿನ ಗಾಳಿಯ ಜಾಡಿನಿಂದ ಅಳೆದಿದ್ದಾರೆ; ಹಾಗಾಗಿ ಸ್ಟಾಲ್ ಆದ ಮೇಲಿನ ಡ್ರ್ಯಾಗ್ ಇಲ್ಲಿ ಹುಡುಕಬೇಡಿ. ಪ್ರತಿ ಗ್ರಾಫಿನಲ್ಲೂ ‘ಸ್ಟ್ಯಾಂಡರ್ಡ್ ರಫ್‌ನೆಸ್’ ಎಂಬ ಒಂದು ಗೆರೆ ಇರುತ್ತದೆ. 0.011 ಇಂಚಿನ ಕಾರ್ಬೊರಂಡಮ್ ಹರಳುಗಳನ್ನು ಮೂತಿಯಿಂದ ಎರಡೂ ಮೈಗಳ ಮೇಲೆ ಕಾರ್ಡ್‌ನ 8 ಶೇಕಡಾವರೆಗೆ ತೆಳುವಾಗಿ ಉದುರಿಸಿ ಅಂಟಿಸಿದ ಮಾದರಿಯ ಫಲಿತಾಂಶ ಅದು. ನಿಜವಾದ ರೆಕ್ಕೆಯ ಮೇಲೆ ಧೂಳು, ಹುಳ, ಬಣ್ಣದ ಪದರ ಇದ್ದೇ ಇರುತ್ತವೆ. ಆದ್ದರಿಂದ ವಿನ್ಯಾಸಕ್ಕೆ ಕೂತವರು ಎರಡು ಗೆರೆಗಳನ್ನೂ ತೆಗೆದು ನಡುವೆ ನಿಲ್ಲುವುದು ಒಳ್ಳೆಯದು. ಏರೋಮಾಡೆಲಿಂಗ್ ಮಾಡುವವರು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು: 200 ಮಿಲಿಮೀಟರ್ ಕಾರ್ಡ್, ಸೆಕೆಂಡಿಗೆ 15 ಮೀಟರ್ ವೇಗ ಅಂದರೆ ರೆನಾಲ್ಡ್ಸ್ ಸಂಖ್ಯೆ ಕೇವಲ 2 ಲಕ್ಷ. ಆಕಾರದ ಕೋಷ್ಟಕ ನಿಮಗೆ ಸಲ್ಲುತ್ತದೆ, ಡ್ರ್ಯಾಗ್‌ನ ಗೆರೆ ಸಲ್ಲುವುದಿಲ್ಲ.

ಟಿಎಂ ಸಾಲನ್ನು ಜನ ಮರೆತೇಬಿಡುತ್ತಾರೆ, ಅದು ಬೇಸರದ ಸಂಗತಿ. ಬೌಂಡರಿ ಲೇಯರ್ (ಮೈಗೆ ಅಂಟಿಕೊಂಡು ಹರಿಯುವ ತೆಳು ಪದರ) ಕುರಿತ ಪ್ರಾಂಟಲ್ ಅವರ 1904ರ ಲೇಖನ ಟಿಎಂ 452, ಬ್ಲಾಸಿಯಸ್ ಅವರದು ಟಿಎಂ 1256, ಒರಟು ಕೊಳವೆಗಳ ಮೇಲಿನ ನಿಕುರಾಡ್ಸೆ ಅವರ ಕೆಲಸ ಟಿಎಂ 1292. ಜರ್ಮನ್ ಬಾರದವರಿಗೆ ಮೂಲ ಓದಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇಳಿಸಿಕೊಂಡದ್ದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. 2013ರ ಮಾರ್ಚ್‌ನಲ್ಲಿ ರಫ್ತು ನಿಯಂತ್ರಣದ ಪರಿಶೀಲನೆಗೆಂದು ಇಡೀ ಸರ್ವರನ್ನೇ ಮುಚ್ಚಿ, ವಾರಗಟ್ಟಲೆ ಯಾರಿಗೂ ಏನೂ ಸಿಗದಂತಾಗಿತ್ತು. ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲೂ ಇಂಟರ್‌ನೆಟ್ ಆರ್ಕೈವ್‌ನಲ್ಲೂ ಬಹಳಷ್ಟು ವರದಿಗಳ ಪ್ರತಿಗಳಿವೆ. ಒಂದು ಕಡೆಯ ಸ್ಕ್ಯಾನ್ ಮಸುಕಾಗಿದ್ದರೆ ಇನ್ನೊಂದು ಕಡೆಯದು ಸ್ವಚ್ಛವಾಗಿರುವುದುಂಟು.

ಈಗ ಪೆಟ್ಟಿಗೆಗಳ ಕಡೆ. ಎನ್‌ಎಸಿಎ ವರದಿಗಳು ಅಷ್ಟು ನಿಚ್ಚಳವಾಗಿರುವುದಕ್ಕೆ ಕಾರಣ ಅಲ್ಲಿನ ಸಂಪಾದನೆ. 1922ರಲ್ಲಿ ಭೌತವಿಜ್ಞಾನಿಯಾಗಿ ಲ್ಯಾಂಗ್ಲಿ ಸೇರಿದ ಪರ್ಲ್ ಯಂಗ್ ಮುಂದೆ ಅಲ್ಲಿನ ಮುಖ್ಯ ತಾಂತ್ರಿಕ ಸಂಪಾದಕಿಯಾದರು. 1943ರಲ್ಲಿ ಎಂಜಿನಿಯರುಗಳಿಗೆಂದೇ ಶೈಲಿ ಕೈಪಿಡಿ ಬರೆದರು. ಪ್ರತಿ ಕರಡೂ ಸಂಪಾದಕ ಸಮಿತಿಯ ಮುಂದೆ ಕೂತು ಜರಡಿ ಹಿಡಿಸಿಕೊಂಡೇ ಹೊರಬರುತ್ತಿತ್ತು. ಜರಡಿಯಲ್ಲಿ ಉಳಿದದ್ದು, ಅಂದರೆ ಕೈಬಿಟ್ಟ ಪ್ಯಾರಾ, ಒಪ್ಪದ ಸಹೋದ್ಯೋಗಿಯ ಟಿಪ್ಪಣಿ, ವಿಫಲವಾದ ಮಾದರಿ, ಇವೆಲ್ಲ ಇರುವುದು ರೆಕಾರ್ಡ್ ಗ್ರೂಪ್ 255ರಲ್ಲಿ. ಅದರಲ್ಲೂ ಬೆಲೆಬಾಳುವುದು ರಿಸರ್ಚ್ ಆಥರೈಸೇಶನ್ ಕಡತಗಳು. ಪ್ರತಿ ಸಂಶೋಧನೆಗೂ ಒಂದು ಸಂಖ್ಯೆ, ಒಂದು ಪುಟದ ಮಂಜೂರಾತಿ: ಏಕೆ ಮಾಡಬೇಕು, ಹೇಗೆ ಮಾಡಬೇಕು. ಅದರ ಹಿಂದೆ ವರ್ಷಗಟ್ಟಲೆಯ ಪತ್ರವ್ಯವಹಾರ.

ಎಲ್ಲವೂ ಒಂದೇ ಊರಿನಲ್ಲಿಲ್ಲ. ವಾಷಿಂಗ್ಟನ್ ಕಚೇರಿಯದ್ದು ಕಾಲೇಜ್ ಪಾರ್ಕ್‌ನಲ್ಲಿ, ಲ್ಯಾಂಗ್ಲಿಯದ್ದು ಫಿಲಡೆಲ್ಫಿಯಾದಲ್ಲಿ, ಕ್ಲೀವ್‌ಲ್ಯಾಂಡ್‌ನದ್ದು ಶಿಕಾಗೊದಲ್ಲಿ, ಏಮ್ಸ್‌ನದ್ದು ಸ್ಯಾನ್ ಬ್ರೂನೋದಲ್ಲಿ. ಬೇ ಏರಿಯಾದ ಕನ್ನಡಿಗರಿಗೆ ಸ್ಯಾನ್ ಬ್ರೂನೋ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಆನ್‌ಲೈನ್ ಸೂಚಿಯಲ್ಲಿ ಸಾಮಾನ್ಯವಾಗಿ ಸರಣಿಯ ಹೆಸರಷ್ಟೇ ಕಾಣುತ್ತದೆ, ಒಳಗಿನ ಹಾಳೆ ಕಾಣುವುದಿಲ್ಲ. ಆದ್ದರಿಂದ ಮೊದಲು ಇಮೇಲ್ ಮಾಡಿ: ಯಾವ ಪ್ರಯೋಗಾಲಯ, ಯಾವ ವರ್ಷಗಳು, ಗೊತ್ತಿದ್ದರೆ ಆಥರೈಸೇಶನ್ ಸಂಖ್ಯೆ. ‘ವಿಂಡ್ ಟನಲ್ ಬಗ್ಗೆ ಏನಾದರೂ’ ಅಂತ ಬರೆದರೆ ಉಪಯೋಗವಾಗುವ ಉತ್ತರ ಬರುವುದಿಲ್ಲ. ಪೆಟ್ಟಿಗೆ ಎಲ್ಲಿದೆ ಎಂದು ಖಚಿತಪಡಿಸಿಕೊಂಡು, ಸಮಯ ಗೊತ್ತುಮಾಡಿಕೊಂಡೇ ಹೊರಡಿ.

ಓದುಗರ ಕಾರ್ಡು ಉಚಿತ. ಪಾಸ್‌ಪೋರ್ಟ್ ತೋರಿಸಿದರೆ ಆಗುತ್ತದೆ. ಚೀಲ, ಜಾಕೆಟ್, ಪೆನ್ನು ಲಾಕರ್‌ನಲ್ಲಿ. ಒಳಗೆ ಪೆನ್ಸಿಲ್ ಮಾತ್ರ. ಮೇಜಿನ ಮೇಲೆ ಒಂದು ಸಲಕ್ಕೆ ಒಂದು ಪೆಟ್ಟಿಗೆ, ಅದರಿಂದ ಒಂದೇ ಫೋಲ್ಡರ್. ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬಹುದು. ಗೋಪ್ಯತೆ ತೆರವಾದ ಕಡತವಾದರೆ ಸಿಬ್ಬಂದಿ ಕೊಡುವ ಅನುಮತಿ ಚೀಟಿ ಪ್ರತಿ ಫೋಟೊದಲ್ಲೂ ಕಾಣುವಂತೆ ಇಡಬೇಕು. ಮರೆತರೆ ಹಾಳೆ ಹಾಳೆ ಮತ್ತೆ ತೆಗೆಯಬೇಕಾಗುತ್ತದೆ. ಪ್ರತಿ ಫೋಲ್ಡರ್ ಶುರುವಾಗುವ ಮುಂಚೆ ಪೆಟ್ಟಿಗೆಯ ಹಣೆಪಟ್ಟಿ ಮತ್ತು ಫೋಲ್ಡರ್‌ನ ಕಿವಿಯ ಒಂದೊಂದು ಫೋಟೊ ತೆಗೆದುಕೊಳ್ಳಿ. ಊರಿಗೆ ಮರಳಿದ ಮೇಲೆ ಸಾವಿರ ಚಿತ್ರಗಳಲ್ಲಿ ಯಾವ ಪತ್ರ ಯಾವ ಪೆಟ್ಟಿಗೆಯದು ಅಂತ ಹೇಳುವುದು ಅದೊಂದೇ. ಉಲ್ಲೇಖದಲ್ಲಿ ಪತ್ರದ ತಾರೀಖು, ಫೋಲ್ಡರ್, ಪೆಟ್ಟಿಗೆ ಸಂಖ್ಯೆ, ಸರಣಿ, ರೆಕಾರ್ಡ್ ಗ್ರೂಪ್, ಊರು, ಈ ಆರೂ ಇರಬೇಕು; ಒಂದು ತಪ್ಪಿದರೂ ನಿಮ್ಮ ನಂತರ ಬಂದವರಿಗೆ ಆ ಹಾಳೆ ಸಿಗುವುದಿಲ್ಲ.