ಅಂಟುವಾಳದ ನೀರು: ಪಾತ್ರೆಗೂ ಆಯ್ತು, ರೇಷ್ಮೆ ಸೀರೆಗೂ ಆಯ್ತು

ಪಾತ್ರೆ ತೊಳೆಯುವ ಲಿಕ್ವಿಡ್‌ಗೆ, ನೆಲ ಒರೆಸುವ ಲಿಕ್ವಿಡ್‌ಗೆ ತಿಂಗಳು ತಿಂಗಳೂ ದುಡ್ಡು ಸುರಿದು ಬೇಸತ್ತವರಿಗೆ ನಾನು ಹೇಳುವುದು ಒಂದೇ: ಅರ್ಧ ಕಿಲೋ ಅಂಟುವಾಳದ ಕಾಯಿ ತನ್ನಿ. ಮೈಸೂರಿನಲ್ಲಾದರೆ ದೇವರಾಜ ಮಾರುಕಟ್ಟೆ ಕಡೆಯ ಗ್ರಂಥಿಗೆ ಅಂಗಡಿಗಳಲ್ಲಿ ಸೀಗೆಕಾಯಿ ಪಕ್ಕದಲ್ಲೇ ಇಟ್ಟಿರುತ್ತಾರೆ. ಕೊಳ್ಳುವ ಮುಂಚೆ ಒಂದನ್ನು ಒತ್ತಿ ನೋಡಿ. ಸಿಪ್ಪೆ ಸುಕ್ಕಾಗಿದ್ದು ಒಳಗೆ ಕೊಂಚ ಅಂಟಂಟಾಗಿದ್ದರೆ ಒಳ್ಳೆಯ ಮಾಲು. ಬೂಷ್ಟಿನ ವಾಸನೆ ಬಂದರೆ ಬೇಡ. ಬೀಜ ತೆಗೆದದ್ದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಆ ಕರಿ ಬೀಜದಿಂದ ನೊರೆ ಬರುವುದಿಲ್ಲ, ತಕ್ಕಡಿಯಲ್ಲಿ ತೂಕ ಮಾತ್ರ ಏರುತ್ತದೆ.

100 ಗ್ರಾಂ ಸಿಪ್ಪೆಗೆ 1 ಲೀಟರ್ ನೀರು ನನ್ನ ಅಳತೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸುತ್ತೇನೆ. ದೊಡ್ಡ ಪಾತ್ರೆಯನ್ನೇ ಇಡಿ, ಹಾಲಿಗಿಂತ ಬೇಗ ಉಕ್ಕುತ್ತದೆ. ಆರಿದ ಮೇಲೆ ಕೈಹಾಕಿ ಚೆನ್ನಾಗಿ ಕಿವುಚಬೇಕು. ಬೆರಳ ಸಂದಿಯಿಂದ ನೊರೆ ಬುಸಬುಸ ಏಳುತ್ತದೆ, ಸಿಪ್ಪೆ ತೆಳ್ಳಗೆ ಮೆತ್ತಗಾಗುತ್ತದೆ. ಹಳೇ ಪಂಚೆಯಲ್ಲಿ ಸೋಸಿದರೆ ಕಂದು ನೀರು ಸಿದ್ಧ. ಕುದಿಯುವಾಗಿನ ಹುಳಿ ವಾಸನೆ ನಮ್ಮತ್ತೆಗೆ ಹಿಡಿಸುವುದಿಲ್ಲ, ಕಿಟಕಿ ತೆಗೆದಿಟ್ಟುಕೊಳ್ಳುತ್ತೇವೆ.

ಇನ್ನು ಕೆಲಸದ ಮಾತು. ಕಾಫಿ ಲೋಟ, ಸಾರಿನ ಪಾತ್ರೆ, ಅನ್ನದ ತಟ್ಟೆ ಚೆನ್ನಾಗಿ ಬೆಳಗುತ್ತವೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ಹಾಕಿದರೆ ಬಿಳಿ ಗಸಿ ಕಟ್ಟುತ್ತದಲ್ಲ, ಅದು ಇದರಲ್ಲಿಲ್ಲ. ಕೊಳೆ ಬಿಡಿಸುವುದು ಸಿಪ್ಪೆಯಲ್ಲಿರುವ ಸಪೋನಿನ್. ಆದರೆ ಪೂರಿ ಕರಿದ ಬಾಣಲೆಗೆ ಇದೊಂದೇ ಸಾಲದು, ಬಿಸಿನೀರೂ ತೆಂಗಿನ ನಾರೂ ಬೇಕೇ ಬೇಕು. ಅಂಗಡಿ ಲಿಕ್ವಿಡ್‌ನಷ್ಟು ನೊರೆಯನ್ನೂ ನಿರೀಕ್ಷಿಸಬೇಡಿ. ನಮ್ಮಲ್ಲಿ ಕೆಲಸಕ್ಕೆ ಬರುವ ಮಂಜಕ್ಕ ಮೊದಲು "ನೊರೆನೇ ಇಲ್ವಲ್ಲ, ಹೆಂಗೆ ಹೋಗುತ್ತೆ ಜಿಡ್ಡು" ಅಂದಿದ್ದರು. ಈಗ ಬಾಣಲೆ, ಕಾವಲಿಗೆ ಮಾತ್ರ ಸೋಪು ಕೇಳುತ್ತಾರೆ, ಮಿಕ್ಕಿದ್ದಕ್ಕೆಲ್ಲ ಇದೇ.

ಇದರ ನಿಜವಾದ ಬೆಲೆ ಗೊತ್ತಾಗುವುದು ರೇಷ್ಮೆ ಸೀರೆಯಲ್ಲಿ. ತಣ್ಣೀರಿಗೆ ಒಂದು ಸೌಟು ಬೆರೆಸಿ, ಉಜ್ಜದೆ, ಹಿಂಡದೆ ಅದ್ದಿ ತೆಗೆದು ನೆರಳಲ್ಲಿ ಹರವಿದರೆ ಸಾಕು, ಹೊಳಪು ಹಾಗೇ ಉಳಿಯುತ್ತದೆ. ಅಕ್ಕಸಾಲಿಗರು ಒಡವೆ ತೊಳೆಯುವುದೂ ಇದರಲ್ಲೇ. ಬಿಳಿ ಹತ್ತಿ ಬಟ್ಟೆಗೆ ಮಾತ್ರ ಹಾಕಬೇಡಿ, ಹಳದಿ ಛಾಯೆ ಹತ್ತುತ್ತದೆ.

ದೊಡ್ಡ ಕೊರತೆಯೆಂದರೆ ಬಾಳಿಕೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೇ ಹುಳಿತು ನಾರುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ. ನಾನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟು ಬೇಕಾದಷ್ಟೇ ತೆಗೆಯುತ್ತೇನೆ.

ನಲ್ಲಿಯ ಬಿಳಿ ಕರೆಗೆ ಇದು ನಾಟುವುದಿಲ್ಲ. ಅದಕ್ಕೆ ಹಿಂಡಿದ ನಿಂಬೆ ಹೋಳು, ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಉಪ್ಪು. ಈ ಹುಳಿಗಳನ್ನು ಕಡಪಾ ಕಲ್ಲಿನ ಕಟ್ಟೆ, ಶಹಾಬಾದ್ ಕಲ್ಲು, ಮಾರ್ಬಲ್ ಮೇಲೆ ಚೆಲ್ಲಲೇಬೇಡಿ. ಮೂರೂ ಸುಣ್ಣದ ಅಂಶದ ಕಲ್ಲು, ಹುಳಿ ತಿಂದ ಜಾಗ ಮಾಸಲಾಗಿ ನಿಂತುಬಿಡುತ್ತದೆ. ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ಬಾಟಲಿ ತುಂಬಿಡುವುದೂ ದಂಡ, ಬುರುಗು ಇಳಿದ ಮೇಲೆ ಒಂದರ ಶಕ್ತಿಯನ್ನು ಇನ್ನೊಂದು ತಿಂದಿರುತ್ತದೆ. ಬ್ಲೀಚಿಂಗ್ ಪೌಡರಿಗೆ ಯಾವ ಹುಳಿಯನ್ನೂ ಸೇರಿಸಕೂಡದು. ಕ್ಲೋರಿನ್ ಗಾಳಿ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಗಿಡದ್ದು ಅಂದಮಾತ್ರಕ್ಕೆ ಅಂಟುವಾಳವೂ ಪೂರಾ ಸಾಧುವಲ್ಲ. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಮೀನಿಗಂತೂ ವಿಷ, ಆದ್ದರಿಂದ ತೊಳೆದ ನೀರನ್ನು ಕೆರೆಗೋ ಮೀನಿನ ತೊಟ್ಟಿಗೋ ಬಿಡಬೇಡಿ. ಹಿಂಡಿ ಉಳಿದ ಸಿಪ್ಪೆಯಲ್ಲಿ ಸಿಂಕನ್ನೊಮ್ಮೆ ಉಜ್ಜಿ ಆಮೇಲೆ ಎಸೆಯಿರಿ, ಅದರಲ್ಲಿನ್ನೂ ಒಂದು ಸಲಕ್ಕಾಗುವಷ್ಟು ಸತ್ವ ಇರುತ್ತದೆ.